ಹೆರಳು ಕತ್ತರಿಸಿದ ವರ್ಷ

ನನ್ನ ಬಲಹೆಗಲು ಹಿಡಿದುಕೊಂಡದ್ದು ಒಂದು ಬೆಳಗ್ಗೆ ಕರಿಹಲಗೆಯ ಮೇಲೆ ತಾರೀಖು ಬರೆಯುವಾಗ. ಸವಡಿಯ ಪ್ರಾಥಮಿಕ ಶಾಲೆಯಲ್ಲಿ ಆಗ ನಾನು ಮೂರನೆಯ ತರಗತಿ ನೋಡಿಕೊಳ್ಳುತ್ತಿದ್ದೆ. ಕೈ ಕಿವಿಯ ಮಟ್ಟಕ್ಕೆ ಹೋಗುತ್ತಲೇ ಒಳಗೆ ಯಾರೋ ಹಗ್ಗ ಬಿಗಿದಂತಾಗಿ ಕೈಯಲ್ಲಿದ್ದ ಸುಣ್ಣದ ಖಡು ಕೆಳಗೆ ಬಿತ್ತು. ಅಂದಿನಿಂದ ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದೆ. ರೋಣದ ದವಾಖಾನೆಯ ಡಾಕ್ಟರು, "ಇದು ತಾನ ಬರ್ತೈತಿ, ತಾನ ಹೋಗ್ತೈತ್ರಿ. ವರ್ಷ ಹಿಡೀಬಹುದು. ದಿನಾ ಗ್ವಾಡಿ ಮ್ಯಾಲೆ ಬೆರಳ ಹತ್ತಸ್ರಿ," ಎಂದು ತಾವೇ ಗೋಡೆಯ ಮೇಲೆ ಬೆರಳು ನಡೆಸಿ ತೋರಿಸಿದರು.

ಬರೆಯುವುದನ್ನು ಹೇಗೋ ಸಂಭಾಳಿಸಬಹುದಿತ್ತು. ಸಂಭಾಳಿಸಲಾಗದ್ದು ತಲೆ. ನನ್ನ ಕೂದಲು ಸೊಂಟ ದಾಟಿ ಇಳಿದಿತ್ತು. ರೋಣದ ನಮ್ಮ ಓಣಿಯಲ್ಲಿ ನನ್ನ ಹೆಸರು ಗೊತ್ತಿಲ್ಲದವರೂ ಉದ್ದ ಹೆರಳಿನ ಅಕ್ಕೋರು ಎಂದರೆ ಮನೆ ತೋರಿಸುತ್ತಿದ್ದರು. ನಾನು ಮದುವೆಯಾಗಲಿಲ್ಲ. ಅವ್ವ ಇರುವ ತನಕ, ನನಗೆ ನಲವತ್ತು ದಾಟಿದ ಮೇಲೂ, ಹೆರಳು ಹಾಕುತ್ತಿದ್ದವಳು ಅವಳೇ. ಅವಳು ತೀರಿಕೊಂಡ ಮೇಲೆ ನಾನೇ ಕಲಿತುಕೊಂಡೆ. ಈಗ ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಮೊದಲ ವಾರ ಎಡಗೈಯಿಂದ ಗಂಟು ಹಾಕಿಕೊಂಡು ಹೋದೆ. ಮಧ್ಯಾಹ್ನದೊಳಗೆ ಬಿಚ್ಚಿಕೊಂಡು ಬೆನ್ನ ತುಂಬ ಹರಡುತ್ತಿತ್ತು. ಮಕ್ಕಳು ನಗುತ್ತಿದ್ದರು.

ಎದುರು ಮನೆಯ ಸೊಸೆಗೆ ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು. ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ.

"ಅದಕ್ಕೇನ್ರಿ ಅಕ್ಕೋರ, ಇವರಿಬ್ಬರದು ಹಾಕೇ ಹಾಕ್ತೀನಲ್ಲ. ಬರ್ರಿ, ಕೂಡ್ರಿ," ಎಂದಳು.

ಹೀಗೆ ನಲವತ್ತಾರು ವರ್ಷದ ನಾನು ದಿನಾ ಬೆಳಗ್ಗೆ ಅವರ ಕಟ್ಟೆಯ ಮೇಲೆ, ಆ ಇಬ್ಬರು ಹುಡುಗಿಯರ ಹಿಂದೆ, ಮೂರನೆಯವಳಾಗಿ ಕೂಡತೊಡಗಿದೆ. ಅವಳ ಬೆರಳು ಬೆಚ್ಚಗಿರುತ್ತಿದ್ದವು, ಆಗಷ್ಟೇ ರೊಟ್ಟಿ ಬಡಿದು ಬಂದಿರುತ್ತಿದ್ದಳು. ಅವ್ವ ಹೋದ ಮೇಲೆ ಯಾರೂ ನನ್ನ ತಲೆ ಮುಟ್ಟಿರಲಿಲ್ಲ ಎಂಬುದು ಅಲ್ಲಿ ಕುಳಿತಾಗಲೇ ನನಗೆ ತಿಳಿದದ್ದು. ಸಿಕ್ಕು ಬಿಡಿಸುವಾಗ ನೋವಾದರೂ ಸುಮ್ಮನಿರುತ್ತಿದ್ದೆ. ಲಗೂ ಮುಗಿಯದಿರಲಿ ಅನ್ನಿಸುತ್ತಿತ್ತು. ಕೆಲವು ದಿನ ಬೇಕೆಂದೇ ಹಿಂದಿನ ರಾತ್ರಿ ಬಾಚಿಕೊಳ್ಳದೆ ಹೋಗುತ್ತಿದ್ದೆ. ಇದನ್ನು ಹೇಳಿಕೊಳ್ಳಲು ಈಗಲೂ ಸಂಕೋಚ.

ಎರಡು ತಿಂಗಳು ಹೀಗೆ ನಡೆಯಿತು. ಒಂದು ಬೆಳಗ್ಗೆ ನನ್ನ ಹೆರಳಿನ ದೆಸೆಯಿಂದ ತಡವಾಗಿ ಅವಳ ಮಕ್ಕಳಿಗೆ ಶಾಲೆಯ ಗಾಡಿ ತಪ್ಪಿತು. ಮರುದಿನ ನಾನು ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಅವಳ ಅತ್ತೆಯ ದನಿ ಕೇಳಿಸಿತು: "ದಿನಾ ಅರ್ಧ ತಾಸು ಅವರ ತಲಿ ಹಿಡಕೊಂಡು ಕುಂತರ ಮನಿ ಕೆಲಸಾ ಯಾರ ಮಾಡಬೇಕು? ಅವರಿಗ್ಯಾರೂ ಇಲ್ಲಂದ್ರ ನಾವೇನ ಮಾಡೂಣು?"

ಮುದುಕಿ ಸುಳ್ಳೇನೂ ಹೇಳಿರಲಿಲ್ಲ. ಬಂದ ದಾರಿಯಲ್ಲೇ ತಿರುಗಿ, ಹಣಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ.

ಆ ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ರೋಣದಿಂದ ಗಜೇಂದ್ರಗಡದ ಬಸ್ಸು ಹತ್ತಿದೆ. ರೋಣದಲ್ಲಾದರೆ ನಾನು ಕುರ್ಚಿಯಿಂದ ಏಳುವ ಮೊದಲೇ ಸುದ್ದಿ ಓಣಿ ಮುಟ್ಟುತ್ತಿತ್ತು. ಗಜೇಂದ್ರಗಡದಲ್ಲಿ ಸೀರೆ ಅಂಗಡಿಗಳ ಸಾಲಿನ ಮೇಲ್ಗಡೆ ಹೆಣ್ಣುಮಕ್ಕಳ ಪಾರ್ಲರೊಂದಿತ್ತು. ಅದನ್ನು ನಡೆಸುತ್ತಿದ್ದವಳಿಗೆ ಮೂವತ್ತರ ಆಸುಪಾಸು. ಹೆರಳನ್ನು ಅಂಗೈಯಲ್ಲಿ ಎತ್ತಿ ಹಿಡಿದು, "ತುದಿ ಅಷ್ಟ ಸರಿ ಮಾಡಬೇಕೇನ್ರಿ?" ಎಂದಳು.

"ಅಲ್ಲವಾ. ಕಿವಿ ಕೆಳಗ ಇಷ್ಟ ಇಟ್ಟು ಎಲ್ಲಾ ತಗಿ."

ಅವಳು ಹೆರಳನ್ನು ಕೈಬಿಟ್ಟಳು. "ಮನ್ಯಾಗ ಕೇಳಿ ಬಂದೀರೇನ್ರಿ? ಹಿಂದಾಗಡೆ ಬಂದು ನನ್ನ ಕೂಡ ಜಗಳಾ ತಗೀತಾರ್ರಿ."

"ಕೇಳೀನಿ," ಎಂದೆ.

"ಯಾರನ್ನ ಕೇಳೀರಿ?"

"ನಮ್ಮವ್ವನ್ನ."

ಅವಳಿಗೆ ಸಮಾಧಾನವಾಯಿತು. ಜಗಳ ತೆಗೆಯಲು ಅಲ್ಲಿಗೆ ಬರುವವರು ಯಾರೂ ಇರಲಿಲ್ಲ.

ಕತ್ತರಿ ಒಂದೇ ಸಲಕ್ಕೆ ಹಾಯಲಿಲ್ಲ. ಹೆರಳು ದಪ್ಪವಿತ್ತು, ನಾಲ್ಕೈದು ಸಲ ಕಚ್ಚಿ ಕಚ್ಚಿ ಕತ್ತರಿಸಬೇಕಾಯಿತು. ಕೊನೆಯ ಎಳೆ ಬಿಟ್ಟುಕೊಂಡಾಗ ತಲೆ ತಾನಾಗಿ ಮುಂದಕ್ಕೆ ಬಾಗಿತು, ಹಿಂದಿನಿಂದ ಯಾರೋ ಹಿಡಿದಿದ್ದ ಕೈ ಬಿಟ್ಟ ಹಾಗೆ. ಕನ್ನಡಿಯಲ್ಲಿ ಕಂಡ ಮುಖ ನನ್ನ ಅಣ್ಣನದು. ನಮ್ಮಿಬ್ಬರದು ಒಂದೇ ದವಡೆ ಎಂದು ಅಷ್ಟು ವರ್ಷ ನನಗೆ ಕಂಡಿರಲಿಲ್ಲ. "ಇದನ್ನ ಒಯ್ತೀರೇನ್ರಿ?" ಎಂದು ಅವಳು ಹೆರಳನ್ನು ಚಾಚಿದಳು. ಬೇಡವೆಂದೆ. ಬಸ್‌ಸ್ಟ್ಯಾಂಡಿಗೆ ಬಂದಾಗ ತರಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ರೋಣದ ಬಸ್ಸು ಬಂತು. ಸೀಟಿನಲ್ಲಿ ಒರಗುವ ಮುನ್ನ ಹೆರಳನ್ನು ಮುಂದಕ್ಕೆ ಎಳೆದುಕೊಳ್ಳಲು ಎಡಗೈ ಹಿಂದೆ ಹೋಯಿತು, ಬರಿಗೈ ಮರಳಿತು. ದಾರಿಯುದ್ದಕ್ಕೂ ಕತ್ತಿನ ಮೇಲೆ ಗಾಳಿ ಬೀಸಿತು. ಹಿತವಾಗಿತ್ತು, ಹೌದು. ಆದರೆ ಅದನ್ನು ಹೇಳಲು ಪಕ್ಕದಲ್ಲಿ ಯಾರಿದ್ದರು?

ಮರುದಿನ ರವಿವಾರ. ಮೊದಲೆಲ್ಲ ತಲೆ ತೊಳೆದು ಮಾಳಿಗೆಯ ಮೇಲೆ ಕೂದಲು ಆರಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಅಂದು ಐದು ನಿಮಿಷದಲ್ಲಿ ಮುಗಿಯಿತು. ಹಂಡೆಯಲ್ಲಿ ಬಿಸಿನೀರು ಹಾಗೇ ಉಳಿದಿತ್ತು. ಇನ್ನೂ ಎಂಟೂ ಆಗಿರಲಿಲ್ಲ. ಮುಂದೆ ಏನು ಮಾಡಬೇಕೋ ತಿಳಿಯದೆ ಹಾಸಿಗೆಯ ಮೇಲೆ ಕುಳಿತೆ.

ಸೋಮವಾರ ಶಾಲೆಯಲ್ಲಿ ಹೆಡ್‌ಮಾಸ್ತರು ನನ್ನ ಮುಖ ನೋಡಲಾರದೆ, "ಆರಾಮ ಇದ್ದೀರೇನ್ರಿ?" ಎಂದಷ್ಟೇ ಕೇಳಿದರು. ಸಂತೆಯಲ್ಲಿ ಕಾಯಿಪಲ್ಯ ಮಾರುವವಳು ದೊಡ್ಡ ರೋಗ ಬಂದಿದೆ ಎಂದುಕೊಂಡು ಒಂದು ಸಿವುಡು ಮೆಂತೆಪಲ್ಯ ಹೆಚ್ಚಿಗೆ ಇಟ್ಟು, "ದೇವರಿದ್ದಾನ್ರಿ," ಎಂದಳು. ಯಾರಿಂದಲೋ ಸುದ್ದಿ ತಿಳಿದು ನರಗುಂದದಿಂದ ಅಣ್ಣ ಫೋನು ಮಾಡಿದ. ಹಬ್ಬದ ನಂತರ ಅದೇ ಅವನ ಮೊದಲ ಫೋನು.

"ಯಾರನ್ನ ಕೇಳಿ ಕತ್ತರಿಸಿದಿ?"

"ಕೈ ಮ್ಯಾಲೆ ಏಳವಲ್ದಾಗಿತ್ತೋ ಅಣ್ಣಾ."

"ಹೇಳಿದ್ದರ ನಿಮ್ಮ ವೈನಿ ಬರತಿದ್ಲಲ್ಲ."

ನರಗುಂದದಿಂದ ರೋಣಕ್ಕೆ ಅತ್ತಿಗೆ ದಿನಾ ಬೆಳಗ್ಗೆ ಬರುತ್ತಿದ್ದಳೇ ಎಂದು ನಾನು ಕೇಳಲಿಲ್ಲ. "ಆತು ಬಿಡು," ಎಂದೆ. ಹೆಗಲು ಈಗ ಹೇಗಿದೆ ಎಂದು ಅವನೂ ಕೇಳಲಿಲ್ಲ.

ಎದುರು ಮನೆಯವಳು ಮಾತ್ರ ನೋಡಿದ ಕೂಡಲೇ ಎಲ್ಲ ಅರ್ಥ ಮಾಡಿಕೊಂಡಳು. ರಸ್ತೆ ದಾಟಿ ಬಂದು, ದನಿ ತಗ್ಗಿಸಿ ಕೇಳಿದಳು: "ನಮ್ಮತ್ತಿ ಅಂದದ್ದು ಕೇಳಿದಿರೇನ್ರಿ ಅಕ್ಕೋರ?"

"ಇಲ್ಲವಾ. ಬ್ಯಾಸಗಿ ಬಂತಲ್ಲ, ಶಕಿ ತಡೀಲಿಕ್ಕೆ ಆಗಲಿಲ್ಲ."

ಅವಳು ನಂಬಲಿಲ್ಲ. ಎರಡು ಬೆರಳಿನಿಂದ ನನ್ನ ಕತ್ತಿನ ಹಿಂಭಾಗ ಮುಟ್ಟಿ, "ಎಷ್ಟ ಬೆಳ್ಳಗ ಐತ್ರಿ ಇಲ್ಲೆ," ಎಂದಳು. ಅವಳ ಕಣ್ಣು ತುಂಬಿದ್ದವು. ಅವರ ಮನೆಯೊಳಗಿನಿಂದ ಕರೆ ಬಂತು, ಹೋದಳು. ಆಮೇಲೂ ಕಂಡಾಗಲೆಲ್ಲ ಮಾತಾಡಿಸುತ್ತಿದ್ದಳು. ಆದರೆ ದಿನಾ ಬೆಳಗ್ಗೆ ಅವರ ಕಟ್ಟೆ ಹತ್ತಲು ನನಗೆ ಇನ್ನು ಕಾರಣವಿರಲಿಲ್ಲ. ಯಾರ ಹಂಗೂ ಬೇಡವೆಂದು ಕತ್ತರಿಸಿಕೊಂಡಿದ್ದೆ. ಈಗ ಯಾರ ಹಂಗೂ ಇರಲಿಲ್ಲ, ಖರೇ.

ಹೆಗಲು ಸರಿಹೋಗಲು ವರ್ಷದ ಮೇಲೆ ಹಿಡಿಯಿತು. ಇನ್ನು ಬೆಳೆಸಿರಿ ಎಂದು ಎಲ್ಲರೂ ಹೇಳಿದರು, ನಾನು ಬೆಳೆಸಲಿಲ್ಲ. ಎರಡು ತಿಂಗಳಿಗೊಮ್ಮೆ ಶನಿವಾರ ಗಜೇಂದ್ರಗಡಕ್ಕೆ ಹೋಗುತ್ತೇನೆ. ರೋಣದಲ್ಲೂ ಪಾರ್ಲರು ಇವೆ, ಈಗ ಮುಚ್ಚಿಡುವುದೂ ಏನಿಲ್ಲ.

"ಕತ್ತರಿಸೂದು ಭಾಳೇನಿಲ್ರಿ. ಇಷ್ಟಕ್ಕ ಅಷ್ಟ ದೂರದಿಂದ ಯಾಕ ಬರ್ತೀರಿ?" ಎಂದು ಆ ಪಾರ್ಲರಿನವಳು ಹೋದ ಸಲ ಕೇಳಿದಳು.

"ನಿನ್ನ ಕೈ ಚಲೋ ಅದವವ್ವಾ," ಎಂದೆ. ಅವಳು ನಕ್ಕು, ನನ್ನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದಳು.