ಪಂಚಮಿ ಸೀರೆ ಮರಳಿಸಲು ನವನಗರಕ್ಕೆ

ಬಾದಾಮಿಯಿಂದ ಬೆಳಗಿನ ಬಸ್ಸು ಹಿಡಿದು, ಗುಳೇದಗುಡ್ಡ, ಅಮೀನಗಡ ದಾಟಿ ಹುನಗುಂದದಲ್ಲಿ ಇಳಿದಾಗ ಬಿಸಿಲು ಏರಿತ್ತು. ಅಲ್ಲಿಂದ ಇಳಕಲ್ ಕಡೆಯ ಟಂಟಂ ಆಟೊ ಹತ್ತಿ ನನ್ನ ನಾದಿನಿ ಶಾಂತವ್ವನ ಊರು ಸೇರಿದೆ. ಎರಡು ದಿನ ಇದ್ದು ಬರೋಣವೆಂದು ಹೊರಟವಳು ನಾನು. ಮರುದಿನವೇ ಊರಿನ ಹೆಂಗಸರೊಂದಿಗೆ ನವನಗರಕ್ಕೆ ಹೋಗಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯೊಂದು ಆಚೆಯ ಗುಡ್ಡಸಾಲಿನಲ್ಲಿ ಫ್ಯಾನುಗಳನ್ನು ನಿಲ್ಲಿಸುತ್ತಿತ್ತು. ಅವುಗಳ ಬುನಾದಿಗೆ, ದಾರಿಗೆ ಬೇಕಾದ ಕಲ್ಲನ್ನು ಈ ಊರಿನ ಗುಡ್ಡ ಒಡೆದು ತೆಗೆಯುವುದು ಅವರ ಯೋಜನೆ. ಪರೀಕ್ಷೆಗೆಂದು ಒಮ್ಮೆ ಮದ್ದು ಸಿಡಿಸಿದಾಗಲೇ ಮನೆಮನೆಯ ಮಗ್ಗದಲ್ಲಿ ರೇಷ್ಮೆ ಎಳೆಗಳು ಹರಿದಿದ್ದವು. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ನೇಯುವ ಮಗ್ಗಗಳು ಅವು. ನೆಲ ನಡುಗಿದರೆ ನೇಯ್ಗೆ ನಿಂತಂತೆಯೇ.

ಊರವರು ಬೇಡವೆಂದರು. ಆಗ ಕಂಪನಿಯ ಮ್ಯಾನೇಜರು ಒಂದು ಉಪಾಯ ಹೂಡಿದ. ನಾಗರ ಪಂಚಮಿ ನಮ್ಮ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಸೀರೆ ಕೊಡುವ ಹಬ್ಬ. ಆ ದಿನ ಜೀಪಿನಲ್ಲಿ ಸೀರೆ ತಂದು, "ಅಣ್ಣ ಕೊಟ್ಟದ್ದು ಅಂದ್ಕೊಳ್ಳಿ" ಎಂದು ಹಂಚಿ, ಫೋಟೊ ತೆಗೆಸಿಕೊಂಡು ಹೋದ. ಆ ಫೋಟೊವನ್ನೇ ಊರಿನ ಒಪ್ಪಿಗೆಯೆಂದು ಜಿಲ್ಲೆಯ ಕಚೇರಿಗೆ ಕೊಟ್ಟದ್ದು ಈಚೆಗೆ ತಿಳಿದಿತ್ತು. ವಿಚಾರಣೆಯ ಸಭೆ ಮರುದಿನವೇ ನವನಗರದಲ್ಲಿ ಇತ್ತು.

ರೊಟ್ಟಿ, ಮಡಿಕೆಕಾಳಿನ ಪಲ್ಲೆ, ಶೇಂಗಾ ಹಿಂಡಿ ಬಡಿಸುತ್ತ ಶಾಂತವ್ವ ಇದನ್ನೆಲ್ಲ ಹೇಳಿದಳು. ರೇಷ್ಮೆ ಸುತ್ತುವ ಪಕ್ಕದ ಮನೆಯ ಖಾಸಿಂಬಿ ಹೊಸ್ತಿಲ ಮೇಲೆ ಕೂತಿದ್ದಳು.

"ಇಳಕಲ್ ಸೀರಿ ನೇಯೂರಿಗೆ ಸೂರತ್ ಸೀರಿ! ಜೋಡಿ ಒಂದ್ ಕುಪ್ಪಸದ ಖಣಾನೂ ಇರಲಿಲ್ಲ. ಆವಾಗರೆ ನಮಗ ತಿಳೀಬಾರದಾ?" ಎಂದಳು ಖಾಸಿಂಬಿ.

"ಪಂಚಮಿ ಸೀರಿ ಒಲ್ಲೆ ಅಂದರ ಕೊಟ್ಟಾವ್ಗ ಛಲೋ ಅಲ್ಲ ಅಂತ ತೊಗೊಂಡ್ವಿ," ಎಂದಳು ಶಾಂತವ್ವ.

"ನೀ ಕೈ ಚಾಚಿದಿ ಅಂತ ನಾನೂ ಚಾಚಿದೆ. ನನಗೆಲ್ಲಿ ಪಂಚಮಿ?"

"ಜೋಕಾಲಿ ಜೀಕಾಕ ಎಲ್ಲಾರಕಿಂತ ಮೊದಲ ಬರ್ತಿ, ಈಗ ಎಲ್ಲಿ ಪಂಚಮಿ ಅಂತಿಯೇನ?"

ಮರುದಿನ ನಸುಕಿನಲ್ಲಿ ನೋಡಿದರೆ ಹೆಂಗಸರೆಲ್ಲ ಸೀರೆಗಳನ್ನು ಮಡಚಿ ತಂದಿದ್ದರು. ಪ್ರತಿ ಸೀರೆಯ ಸೆರಗಿನಲ್ಲಿ ಶೇಂಗಾ ಉಂಡಿ ಕಟ್ಟಿತ್ತು. ಕಾರಣ ಕೇಳುವಷ್ಟರಲ್ಲಿ ಬಸ್ಸು ಬಂತು. ಅಮೀನಗಡದಲ್ಲಿ ಚಹಾ ಕುಡಿದು, ದಾರಿಯುದ್ದಕ್ಕೂ ತುಂತುರು ಮಳೆ ನೋಡುತ್ತ ನವನಗರ ತಲುಪಿದೆವು. ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಹಳೆಯ ಬಾಗಲಕೋಟೆಯಿಂದ ಎದ್ದುಬಂದವರಿಗಾಗಿ ಕಟ್ಟಿದ ಊರು. ರಸ್ತೆಗಳು ಅಗಲ, ಗಿಡಗಳು ಇನ್ನೂ ಸಣ್ಣವು.

ಸಭಾಂಗಣದಲ್ಲಿ ಮುಂದಿನ ಕುರ್ಚಿಗಳೆಲ್ಲ ಕಂಪನಿಯವರವು. ಗೋಡೆಯ ಮೇಲೆ ಚಿತ್ರ, ಇಂಗ್ಲಿಷಿನಲ್ಲಿ ಮಾತು. ನಾವು ಹಿಂದೆ, ಗೋಡೆಗೆ ಆನಿಕೊಂಡು ನಿಂತೆವು. ಕೊನೆಗೆ ಆ ಫೋಟೊ ಗೋಡೆಯ ಮೇಲೆ ಬಂತು. ಎಲ್ಲರಿಗಿಂತ ಮುಂದೆ ನಗುತ್ತ ನಿಂತವಳು ಶಾಂತವ್ವ.

ನನ್ನ ಪಕ್ಕದಲ್ಲಿದ್ದ ಶಾಂತವ್ವ ಸೆರಗು ಸಿಕ್ಕಿಸಿಕೊಂಡು ಸೀದಾ ಮುಂದೆ ನಡೆದಳು. ಉಳಿದವರೂ ನಡೆದರು. ಸೀರೆಗಳ ಗುಡ್ಡೆ ಅಧಿಕಾರಿಯ ಮೇಜಿನ ಮೇಲೆ ಬಿತ್ತು.

"ಸೀರಿ ತೊಗೊಂಡದ್ದು ಖರೇರಿ ಸಾಹೇಬ್ರ. ಗುಡ್ಡ ಕೊಟ್ಟದ್ದು ಸುಳ್ಳ," ಎಂದಳು ಶಾಂತವ್ವ.

ಅಧಿಕಾರಿ ಸೆರಗಿನ ಗಂಟು ಮುಟ್ಟಿ, "ಇದೇನಮ್ಮ?" ಎಂದರು.

"ಉಂಡಿರಿ. ಅಣ್ಣ ಅಂತ ಬಂದಿದ್ರಲ್ರಿ ಅವ್ರು, ಬರಿಗೈಲೆ ಹ್ಯಾಂಗ ಕಳಸೂದು?"

ಸಭೆಯೆಲ್ಲ ನಕ್ಕಿತು. ಮ್ಯಾನೇಜರು ಮೈಕು ಹಿಡಿದು, "ನೋಡಿ ಅಮ್ಮ, ಇದು ಹೊಗೆಯಿಲ್ಲದ ಕರೆಂಟು, ಎಲ್ಲರಿಗೂ ಒಳ್ಳೇದು" ಎಂದ.

ಖಾಸಿಂಬಿಗೆ ಮೈಕು ಬೇಕಾಗಲಿಲ್ಲ. "ಛಲೋನ ಇರಬೇಕ್ರಿ. ಮಗ್ಗ ನಿಂತ ಮ್ಯಾಲ ಆ ಕರೆಂಟಿನ ಬೆಳಕಿನಾಗ ಕುಂತ ನಾವೇನ ಮಾಡೂಣು? ಅದನ್ನ ಮೊದಲ ಬಂದ ಕೇಳಬೇಕಿತ್ತಪಾ ಅಣ್ಣಾ!"

ಅಧಿಕಾರಿ ಗುಮಾಸ್ತನನ್ನು ಹತ್ತಿರ ಕರೆದರು. ಆಮೇಲೆ ಆ ಫೋಟೊವನ್ನು ಒಪ್ಪಿಗೆಯೆಂದು ಹಿಡಿಯುವುದಿಲ್ಲ, ಸಭೆ ಮತ್ತೆ ನಿಮ್ಮೂರಲ್ಲೇ ನಡೆಯಬೇಕು, ಅಲ್ಲಿಯವರೆಗೆ ಸಿಡಿಸುವಂತಿಲ್ಲ ಎಂದು ಬರೆಸಿದರು. ಗುಡ್ಡ ಉಳಿಯಿತೆಂದು ನಾನು ಹೇಳಲಾರೆ. ಹಿಂದೆ ನಿಂತವರ ಮಾತನ್ನು ಬರೆದುಕೊಂಡರಲ್ಲ, ಅದನ್ನು ಕಣ್ಣಾರೆ ಕಂಡೆ. ಶಾಂತವ್ವನನ್ನು ತೋರಿಸಿ, ಇವಳು ನಮ್ಮ ಮನೆಯ ಮಗಳೆಂದು ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ಹೇಳಿದೆ.

ಬಸ್‌ಸ್ಟ್ಯಾಂಡಿನಲ್ಲಿ ನಾನು ಬಾದಾಮಿ ಬಸ್ಸಿಗೆ ನಿಂತೆ, ಅವರು ಹುನಗುಂದದ ಬಸ್ಸು ಹತ್ತಿದರು. ಕಿಟಕಿಯೊಳಗೆ, ಊರಿನ ಸಭೆ ಶಾಲೆಯಲ್ಲೋ ಮನೆಯಲ್ಲೋ ಎಂದು ಆಗಲೇ ಜಗಳ ಶುರುವಾಗಿತ್ತು.

"ಸಾಹೇಬ್ರನ್ನ ಸಾಲ್ಯಾಗ ಕೂಡ್ರಸೂಣು, ಕುರ್ಚಿ ಅದಾವ," ಎಂದಳು ಖಾಸಿಂಬಿ.

"ಸಾಲಿ ಬ್ಯಾಡ. ನಮ್ಮ ಪಡಸಾಲ್ಯಾಗ, ಮಗ್ಗದ ಬಾಜೂಕ ಚಾಪಿ ಹಾಸೂಣು," ಎಂದಳು ಶಾಂತವ್ವ.

"ಮಗ್ಗದ ಸಪ್ಪಳಾ ಆಗತೈತಲ್ಲೇ!"

"ಆಗಲಿ. ಅವ್ರು ಒಂದೀಟ ಜೋರಾಗಿ ಮಾತಾಡ್ತಾರ."

ಬಸ್ಸು ಹೊರಟಿತು. ಅದು ತಿರುವು ದಾಟುವವರೆಗೂ ನಾನು ಕೈಯೆತ್ತಿಕೊಂಡೇ ನಿಂತಿದ್ದೆ.