ಒಸಡಿನ ಹಿಂದೆ ಬಿದ್ದ ಮೇಘಶ್ರೀ

ಇನ್ನೂ ಬೆಳಕು ಹರಿದಿಲ್ಲ. ತಾಳ್ಯದ ಬಯಲಲ್ಲಿ, ಕುರಿಮಂದೆಯ ಪಕ್ಕ, ಹಣೆಗೆ ದೀಪ ಕಟ್ಟಿಕೊಂಡ ಮೇಘಶ್ರೀ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗಿರುವ ಜುಂಜಮ್ಮ ಬಾಯಿ ತೆರೆಯುತ್ತಿಲ್ಲ.

"ಮೊದ್ಲು ಗಟ್ಟಿ ಇದ್ವು. ನೀನು ಕೆರೆದು ಹೋದ್ಮೇಲೆ ಅಲ್ಲಾಡ್ತವೆ. ಕಿತ್ತಾಕವ್ವ ಅತ್ಲಾಗೆ," ಎನ್ನುತ್ತಾರೆ ಆಕೆಯ ಗಂಡ ಎತ್ತಪ್ಪ.

"ಗಟ್ಟಿ ಇದ್ದದ್ದು ಹಲ್ಲಲ್ಲಪ್ಪ, ಅದಕ್ಕೆ ಮೆತ್ಕೊಂಡಿದ್ದ ಕಿಟ್ಟ!" ಎನ್ನುತ್ತಾರೆ ಮೇಘಶ್ರೀ. "ಸಂತೇಲಿ ಟಗರಿನ ಬಾಯಿ ತೆಗ್ದು ಹಲ್ಲು ನೋಡ್ತೀಯ. ಹೆಂಡ್ತಿ ಬಾಯಿ ಯಾವತ್ತಾದ್ರೂ ನೋಡೀಯಾ?"

"ಅವಳು ಬಾಯಿ ಮುಚ್ಚಿದ್ರೆ ಸಾಕಾಗೈತೆ ನನಗೆ."

ಮೇಘಶ್ರೀ ಹೊಳಲ್ಕೆರೆಯ ದಂತ ಚಿಕಿತ್ಸಾಲಯವೊಂದರಲ್ಲಿ ಹಲ್ಲು ಶುಚಿಗೊಳಿಸುವ ಕೆಲಸದವರು. ಶ್ರೀರಾಂಪುರದ ಕಡೆಯ ಕುರಿಗಾರರ ಮಗಳು. ಹೊತ್ತು ಹುಟ್ಟಿದರೆ ಮಂದೆ ಹೊರಡುತ್ತದೆ, ಆಮೇಲೆ ಯಾರೂ ಸಿಗುವುದಿಲ್ಲ. ಅದಕ್ಕೇ ಈ ಹೊತ್ತಿಗೆ ಬರುತ್ತಾರೆ. ಈ ಮಂದೆ ಇವತ್ತೇ ಹಿರಿಯೂರಿನ ಕಡೆ ಹೊರಟಿದೆ. ಕಿತ್ತರೆ ಜುಂಜಮ್ಮನ ಕೆಳಗಿನ ನಾಲ್ಕೂ ಮುಂದಿನ ಹಲ್ಲು ಹೋಗುತ್ತವೆ. ಆಕೆಗಿನ್ನೂ ನಲವತ್ತಾಗಿಲ್ಲ.

ಹಲ್ಲಿನ ಬುಡದಲ್ಲಿ ಪಾಚಿಯಂತೆ ಕಟ್ಟುವ ಪದರದಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳ ಚೂರು ತಾಗಿದರೆ ಒಸಡಿನ ಜೀವಕೋಶಗಳು ರಾಸಾಯನಿಕಗಳ ಮೂಲಕ ಕೂಗು ಹಾಕುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ಧಾವಿಸುತ್ತವೆ. ಪದರ ಹೋಗದಿದ್ದರೆ ಕೂಗೂ ನಿಲ್ಲದು. ಒಸಡು ಊದುತ್ತದೆ, ಉಜ್ಜಿದರೆ ರಕ್ತ ಬರುತ್ತದೆ, ಕಡೆಗೆ ಹಲ್ಲು ಹಿಡಿದ ಮೂಳೆಯೇ ಕರಗುತ್ತದೆ. ರಕ್ತ ಕಂಡ ಜನ ಮಾಡುವುದೇನು? ಉಜ್ಜುವುದನ್ನೇ ಬಿಡುತ್ತಾರೆ.

"ತೋಳ ದಿನಾ ಬಂದ್ರೆ ನಾಯಿಗಳು ದಿನಾ ಎಗರಾಡ್ತವೆ. ಬೇಲಿ ಮುರಿಯಾದು ತೋಳದಿಂದಲ್ಲ, ನಾಯಿಗಳ ಗಲಾಟೆಗೆ. ನಮ್ಮ ಒಸಡೂ ಹಂಗೇ. ಎಷ್ಟು ಸಲ ಹೇಳ್ಲಿ? 'ಮುದ್ದೆ ನುಂಗಾಕೆ ಹಲ್ಲು ಯಾಕವ್ವ' ಅಂತಾರೆ!" ಮೇಘಶ್ರೀಗೆ ಹೇಳಿ ಹೇಳಿ ರೋಸಿಹೋಗಿದೆ.

ಬ್ರಶ್ ಮುಂದೆ ಚಾಚುತ್ತಾರೆ. "ಉಜ್ಜು, ನೋಡಾಣ."

ಜುಂಜಮ್ಮ ಮನಸ್ಸಿಲ್ಲದೆ ಉಜ್ಜಿ ಉಗುಳುತ್ತಾರೆ. ಹೋದ ಸಲ ಮಣ್ಣು ಕೆಂಪಾಗಿತ್ತು. ಈಗ ಬರೀ ಬಿಳಿ ನೊರೆ. ಆಕೆ ಬಗ್ಗಿ ಅದನ್ನೇ ನೋಡುತ್ತಾರೆ.

"ಅಲ್ಲಾಡಾದು ಅಲ್ಲಾಡ್ತವಲ್ಲ?" ಎತ್ತಪ್ಪ ಬಿಡುವುದಿಲ್ಲ.

"ಮೊದ್ಲಿನಂಗೆ ಆಗ್ತವೆ ಅಂತ ಸುಳ್ಳು ಹೇಳಲ್ಲ. ಊತ ಇಳಿದೈತೆ. ದಿನಾ ಉಜ್ಜಿದ್ರೆ ಉಳೀತವೆ."

"ಲೇ, ನೀ ಕುರಿ ಹೊಡ್ಕೊಂಡು ನಡಿ," ಎಂದು ಜುಂಜಮ್ಮ ಗಂಡನಿಗೆ ಹೇಳುತ್ತಾರೆ. "ಹಲ್ಲು ನಂದು. ಮೇಲಿನವೂ ಕ್ಲೀನ್ ಮಾಡಿಸ್ಕೊಂಡು ಬಸ್ಸಿಗೆ ಬರ್ತೀನಿ."

ಬಾಯಿ ತೆರೆಯುತ್ತಾರೆ.

ಕೆಲಸ ಮುಗಿದ ಮೇಲೆ ಈ ಕೆಲಸದಲ್ಲಿ ನಿಮಗೇನಾಸೆ ಎಂದು ಕೇಳಿದರೆ ಮೇಘಶ್ರೀ ಸಿಡುಕುತ್ತಾರೆ. "ಏನೈತ್ರಿ? ಒಸಡಲ್ಲಿ ರಕ್ತ ಬಂದ ದಿನಾನೇ ಜನ ನನ್ನತ್ರ ಬರ್ಲಿ. ಹಲ್ಲು ಕೈಗೆ ಬಂದ್ಮೇಲೆ ಬರ್ತಾರೆ, ಬಂದು ನನ್ನನ್ನೇ ಬೈತಾರೆ." ಹಣೆಯ ದೀಪ ಬಿಚ್ಚುತ್ತಾ ಹೇಳುತ್ತಾರೆ: "ಬೈಲಿ ಬಿಡ್ರಿ. ಬೈಯಾಕೆ ಬಾಯಾಗೆ ಹಲ್ಲಿರ್ಲಿ."