ಹಿಂದಿನ ಪೋರ್ಷನ್ ಆಂಟಿ ಹೇಳಿದ ಸೀನು

ಹೋದ ವಾರ ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿಯ ಪಕ್ಕ ಹಾದುಹೋಗುವಾಗ ಆ ಸೊಗಡು ಮೂಗಿಗೆ ಬಡಿಯಿತು. ಮಿಕ್ಕವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಇಷ್ಟು ವರ್ಷ ಕಳೆದ ಮೇಲೂ! ಯಾಕೆಂದರೆ ಆ ಸೊಗಡಿನ ಜೊತೆಗೇ ಹಿಂದಿನ ಪೋರ್ಷನ್ನಿನ ಆಂಟಿ ನೆನಪಾಗುತ್ತಾರೆ.

ಆಗ ನಾನು ಬಸವೇಶ್ವರನಗರದ ಒಂದು ಮನೆಯ ಮಹಡಿಯ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಮುಂಭಾಗದಲ್ಲಿ ಓನರಮ್ಮ, ಹಿಂಭಾಗದಲ್ಲಿ ಆಂಟಿ, ಪಕ್ಕದಲ್ಲಿ ಇನ್ನೆರಡು ಸಂಸಾರ. ಮಧ್ಯಾಹ್ನ ಬರುತ್ತಿದ್ದ ಒಂದು ಧಾರಾವಾಹಿಗೆ ಚಿತ್ರಕಥೆ, ಸಂಭಾಷಣೆ ಎರಡೂ ನನ್ನದೇ. ಎಲ್ಲರೂ ನನ್ನನ್ನು ‘ರೈಟರ್ ಸಾರ್’ ಎನ್ನುತ್ತಿದ್ದರು. ಒಳಗಿನ ಸಂಗತಿ ಬೇರೆಯೇ ಇತ್ತು. “ನಿನ್ ಸೀನಲ್ಲಿ ಪಾತ್ರಗಳು ಮಾತ್ರ ಅಳ್ತವೆ ಕಣಯ್ಯಾ, ನೋಡೋರು ಒಬ್ರೂ ಅಳಲ್ಲ. ಈ ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರನ್ನ ಹಾಕ್ಕೋತೀನಿ” ಎಂದು ಡೈರೆಕ್ಟರು ಮುಖಕ್ಕೇ ಹೇಳಿದ್ದರು.

ಆ ಚಳಿಗಾಲದಲ್ಲಿ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಹೆಂಗಸರೆಲ್ಲ ನೆನೆಹಾಕಿದ ಅವರೆಕಾಳಿನ ಪಾತ್ರೆ ಹಿಡಿದು ಕಾಂಪೌಂಡಿನ ಬಿಸಿಲಿಗೆ ಬಂದು, ಹಿತುಕುತ್ತ ಕೂರುತ್ತಿದ್ದರು. ಆಂಟಿಯ ತಂಗಿ ಕೆಂಗೇರಿಯಲ್ಲಿದ್ದರು, ಅಲ್ಲಿ ಕರೆಂಟು ಇರುತ್ತಿತ್ತು. ಆಂಟಿ ತಂಗಿಗೆ ಫೋನು ಮಾಡಿ ಅವತ್ತಿನ ಕಥೆಯನ್ನು ಎರಡೇ ಮಾತಿನಲ್ಲಿ ಕೇಳಿಕೊಳ್ಳುತ್ತಿದ್ದರು. ಆಮೇಲೆ ಅದನ್ನೇ ಇವರಿಗೆ ಅರ್ಧ ಗಂಟೆ ಹೇಳುತ್ತಿದ್ದರು. ನಾನು ಮಹಡಿ ಮೆಟ್ಟಿಲ ಮೇಲೆ, ಅವರಿಗೆ ಕಾಣದ ಹಾಗೆ ಕೂತು ಕೇಳುತ್ತಿದ್ದೆ.

ಅವತ್ತಿನ ಕಂತಿನಲ್ಲಿ ಒಬ್ಬಳೇ ಮಗಳನ್ನು ಮದುವೆ ಮಾಡಿ ಕಳಿಸುವ ತಾಯಿಯ ದೃಶ್ಯವಿತ್ತು. ಎರಡು ರಾತ್ರಿ ನಿದ್ದೆಗೆಟ್ಟು ಬರೆದಿದ್ದೆ, ಎರಡು ಪುಟದ ಅಳು. ಆಂಟಿ ಅದಷ್ಟನ್ನೂ ಕಿತ್ತೆಸೆದರು! ಅವರು ಹೇಳಿದ ಕಥೆಯಲ್ಲಿ ತಾಯಿ ಅಳಲೇ ಇಲ್ಲ. ಮಾರನೇ ದಿನ ಬೆಳಿಗ್ಗೆ ಹಾಲಿನ ಬೂತಿಗೆ ಹೋದಳು, ಅಭ್ಯಾಸದಂತೆ ಎರಡು ಪ್ಯಾಕೆಟ್ ತಂದಳು. ಮನೆ ಬಾಗಿಲಿಗೆ ಬಂದ ಮೇಲೆ ನೆನಪಾಗಿ, ಒಂದನ್ನು ವಾಪಸು ಕೊಡಲು ಹೋದಳು. ಹಾಲಿನವನು “ಒಂದ್ಸಲ ಕೊಟ್ಟಿದ್ದು ವಾಪಸ್ ತಗೊಳಲ್ಲಮ್ಮ” ಎಂದ. ಅವಳು ಆ ಪ್ಯಾಕೆಟ್ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ, “ಹೋಗ್ಲಿ ಬಿಡಪ್ಪಾ, ಮೊಸರಿಗೆ ಹಾಕ್ತೀನಿ” ಎಂದಳು.

ಅಷ್ಟೇ. ಕಾಂಪೌಂಡಿನಲ್ಲಿ ಯಾರ ಕೈಯೂ ಅಲ್ಲಾಡಲಿಲ್ಲ. ಓನರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಮಗಳ ಮದುವೆ ನಿಶ್ಚಯವಾಗಿದ್ದ ಪಕ್ಕದ ಮನೆಯಾಕೆಯಂತೂ ಬಿಕ್ಕಿಬಿಕ್ಕಿ ಅತ್ತರು. ನನ್ನ ಕಣ್ಣೂ ಒದ್ದೆಯಾಗಿತ್ತು... ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಹೆಂಗಸು, ಅವರೆಕಾಳು ಹಿತುಕುತ್ತ ಹಿತುಕುತ್ತಲೇ ಇದನ್ನು ಮಾಡಿದರಲ್ಲ!

ತಮಾಷೆ ಕೇಳಿ. ಸಂಜೆ ಗೇಟಿನ ಹತ್ತಿರ ಓನರಮ್ಮ ನನ್ನನ್ನು ತಡೆದು, “ಏನ್ ಸೀನ್ ಬರೆದ್ರಿ ಸಾರ್, ಆ ಹಾಲಿನ ಪ್ಯಾಕೆಟ್ಟಿಂದು... ಕರುಳು ಕಿತ್ತು ಬಂತು” ಎಂದರು. ಆಂಟಿ ಅಲ್ಲೇ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದರು. ನಾನು ನಾಚಿಕೆಯಿಲ್ಲದೆ “ಥ್ಯಾಂಕ್ಸಮ್ಮ” ಎಂದೆ. ಆಂಟಿ ಇನ್ನೊಂದು ಕ್ಲಿಪ್ಪು ತೆಗೆದು ಸೀರೆ ಮಡಿಸತೊಡಗಿದರು.

ಓನರಮ್ಮ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದೆ, ಅಳುವುದನ್ನು ಯಾಕೆ ತೆಗೆದುಬಿಟ್ಟಿರಿ ಎಂದು. “ಅಯ್ಯೋ, ತಪ್ಪು ತಿಳ್ಕೋಬೇಡಿ ಸಾರ್. ಅವಳೇ ಅಷ್ಟೊಂದು ಅತ್ಬಿಟ್ರೆ ಇವರಿಗೆ ಅಳೋಕೆ ಏನ್ ಉಳಿಯುತ್ತೆ?” ಎಂದು ನಕ್ಕರು. ರೂಮಿಗೆ ಓಡಿ ಹೋಗಿ ಆ ಮಾತನ್ನು ಬರೆದಿಟ್ಟುಕೊಂಡೆ.

ಆಮೇಲಿನ ಕಂತುಗಳಲ್ಲಿ ಪಾತ್ರಗಳ ಅಳು ನಿಲ್ಲಿಸಿದೆ. ಮೆಟ್ಟಿಲ ಮೇಲೆ ಕೂತು ಕದ್ದು ಕೇಳಿದ್ದನ್ನೆಲ್ಲ ಸೀನಿನಲ್ಲಿ ತುಂಬಿದೆ. ಡೈರೆಕ್ಟರು ಬೆನ್ನು ತಟ್ಟಿದರು, ಕೆಲಸ ಉಳಿಯಿತು. ಒಂದು ದಿನ ಆಂಟಿ ಒಂದು ಡಬ್ಬಿ ಹಿತಕಿದ ಬೇಳೆ ಸಾರು ಹಿಡಿದು ಮೇಲೆ ಬಂದರು. ಬಾಗಿಲಲ್ಲೇ ನಿಂತು, “ನಿಮ್ ಡೈರೆಕ್ಟರ್ ಹತ್ರ ಒಂದ್ ಮಾತು ಹೇಳ್ತೀರಾ ಸಾರ್? ಬರೆಯೋಕೆ ಬರಲ್ಲ ನಂಗೆ. ಬಾಯಲ್ಲಿ ಹೇಳ್ತೀನಿ, ಯಾರಾದ್ರೂ ಬರ್ಕೊಂಡ್ರೆ...” ಎಂದರು. ಮುಖ ಕೆಂಪಾಗಿತ್ತು. ಎಷ್ಟು ದಿನದಿಂದ ಆ ಮಾತನ್ನು ಒಳಗೇ ಇಟ್ಟುಕೊಂಡಿದ್ದರೋ.

ಇವರೊಬ್ಬರು ಅಲ್ಲಿ ಕಾಲಿಟ್ಟರೆ ನನ್ನ ಕಥೆ ಮುಗಿಯಿತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. “ಅದೆಲ್ಲ ಕಾಂಪೌಂಡಲ್ಲಿ ಕೂತು ಹರಟೆ ಹೊಡೆದ ಹಾಗಲ್ಲ ಆಂಟಿ. ಅದಕ್ಕೆ ಓದಿರ್ಬೇಕು” ಎಂದೆ.

“ಹೌದಲ್ವಾ” ಎಂದರು ಅಷ್ಟೇ. ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಇಳಿದು ಹೋದರು. ಮಾರನೇ ದಿನವೂ ಕರೆಂಟು ಹೋಯಿತು, ಎಲ್ಲರೂ ಬಿಸಿಲಿಗೆ ಬಂದು ಕೂತರು. “ಕಥೆ ಹೇಳ್ರೀ” ಎಂದು ಓನರಮ್ಮ ಎಷ್ಟು ಪೀಡಿಸಿದರೂ, “ನಂಗೇನ್ ಗೊತ್ತಾಗುತ್ತೆ ಕಣ್ರೀ, ನಾಳೆ ಕರೆಂಟ್ ಇದ್ರೆ ನೀವೇ ನೋಡ್ಕೊಳಿ” ಎಂದುಬಿಟ್ಟರು. ಆಮೇಲೆ ಅವರು ಕಥೆ ಹೇಳಿದ್ದನ್ನು ನಾನು ಕೇಳಲಿಲ್ಲ. ಮುಂದಿನ ವರ್ಷ ನಾನೇ ಆ ರೂಮು ಖಾಲಿ ಮಾಡಿದೆ.

ಹೋದ ವಾರ ಮಾರ್ಕೆಟ್ಟಿನಿಂದ ಬಂದವನು ಓನರಮ್ಮನಿಗೆ ಫೋನು ಮಾಡಿ ಆಂಟಿಯ ವಿಚಾರ ಕೇಳಿದೆ. “ಅಯ್ಯೋ, ಗೊತ್ತಿಲ್ವಾ? ಅವರು ತೀರ್ಕೊಂಡು ವರ್ಷದ ಮೇಲಾಯ್ತಲ್ಲ” ಎಂದರು. ಟೀವಿಯಲ್ಲಿ ನನ್ನ ಹೆಸರು ಬಂದಾಗಲೆಲ್ಲ ‘ಇವರು ನಮ್ಮ ಮೇಲಿನ ರೂಮಲ್ಲಿದ್ದೋರು’ ಎಂದು ಆಂಟಿ ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ನನ್ನ ಮೇಲೆ ಅವರಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು...

ಈಗ ಜ್ಞಾನಭಾರತಿಯ ಹತ್ತಿರ ಪ್ರತಿ ಭಾನುವಾರ ಹುಡುಗರಿಗೆ ಚಿತ್ರಕಥೆಯ ಪಾಠ ಹೇಳುತ್ತೇನೆ. ಮೊನ್ನೆ ಕ್ಲಾಸಿನಲ್ಲಿ, ನೋಡುವವರನ್ನು ಅಳಿಸುವುದು ಹೇಗೆ ಎಂಬ ಮಾತು ಬಂತು. ಹಾಲಿನ ಪ್ಯಾಕೆಟ್ಟಿನ ಸೀನು ಹೇಳಿದೆ. ಮುಂದಿನ ಸಾಲಿನ ಹುಡುಗಿ ಕಣ್ಣೊರೆಸಿಕೊಂಡು, “ಸಾರ್, ಇದು ಯಾರ್ ಬರೆದಿದ್ದು?” ಎಂದಳು.

ಹೇಳಬಹುದಿತ್ತು. ಸತ್ತವರ ಜೊತೆ ಎಂಥ ಪೈಪೋಟಿ? ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ನಾನೇ ಕಣಮ್ಮ” ಎಂದೆ.